ಮೇಸ್ತ್ರಿಯ ಎದುರಿಗೆ ನನ್ನ ಸ್ಟೂಲು

ನನ್ನ ಹೋಟೆಲಿನ ಅಡುಗೆಮನೆ ಬಾಗಿಲಿಗೆ ‘ಒಳಗೆ ಬರಬಾರದು’ ಎಂದು ಮೂರು ಭಾಷೆಯಲ್ಲಿ ಬೋರ್ಡು ಹಾಕಿಸಿದವನು ನಾನೇ. ಗಿರಾಕಿ ತಿನ್ನಲು ಬರಬೇಕು, ಬೇಯಿಸುವುದನ್ನು ನೋಡಲು ಅಲ್ಲ. ಆದರೆ ನನ್ನ ಕಾರು ರಿಪೇರಿಗೆ ಹೋದಾಗ ಮಾತ್ರ ಹೋಟೆಲಿನದೇ ಒಂದು ಸ್ಟೂಲು ಹೊತ್ತುಕೊಂಡು ಹೋಗಿ ಮೆಕ್ಯಾನಿಕ್ಕಿನ ಎದುರಿಗೆ ಕೂರುತ್ತಿದ್ದೆ. ಇದರಲ್ಲಿ ಏನಾದರೂ ಎಡವಟ್ಟಿದೆ ಎಂದು ಆಗ ನನಗೆ ಹೊಳೆದಿರಲೇ ಇಲ್ಲ, ದೇವರಾಣೆ.

ಐವತ್ತರ ದಶಕದ ಕೊನೆ. ಮದರಾಸಿನ ವೆಸ್ಟ್ ಮಾಂಬಲಂ ಸ್ಟೇಷನ್ನಿನ ಹತ್ತಿರ ನನ್ನ ಹೋಟೆಲು, ನಾಲ್ಕು ಅಂಗಡಿ ಆಚೆ ವರ್ಕ್‌ಶಾಪು. ಅದನ್ನು ಒಬ್ಬರೇ ನಡೆಸುತ್ತಿದ್ದ ಮೇಸ್ತ್ರಿ ಹೊಸೂರು ಕಡೆಯ ಕನ್ನಡದವರು. ಆಡುವುದು ಅರ್ಧ ಕನ್ನಡ, ಅರ್ಧ ತಮಿಳು. ನನ್ನನ್ನು ಕರೆಯುವುದು ‘ಮೊದಲಾಳಿ’, ಅಂದರೆ ಧಣಿ, ಎಂದು. ಕಾರೆಂದರೆ, ಊರು ಬಿಟ್ಟು ಹೋಗುತ್ತಿದ್ದ ಬಿಳಿ ದೊರೆಯೊಬ್ಬ ಮಾರಿದ್ದ ಮುದಿ ಗಾಡಿ. ಹಿಂದಿನ ಸೀಟು ಕಿತ್ತು ಸಾಂಬಾರಿನ ಕೊಪ್ಪರಿಗೆ ಇಡಲು ಜಾಗ ಮಾಡಿಸಿದ್ದೆ.

ಸ್ಟೂಲಿನ ಮೇಲೆ ಸುಮ್ಮನೆ ಕೂರುವ ಜಾತಿಯೇ ನಾನು?

“ಅದನ್ನು ಎಂತಕ್ಕೆ ಬಿಚ್ಚುವುದು?”

“ಬಿಚ್ಚಬೇಕು ಮೊದಲಾಳಿ.”

“ಮೆಲ್ಲ ಹೊಡೆಯಿರಿ ಮಾರಾಯ್ರೇ! ಅದೆಂತ ತೆಂಗಿನಕಾಯಾ?”

“ನೀವು ಹಿಂಗೆ ಕಣ್ಣು ಬಿಟ್ಕೊಂಡು ಕೂತ್ರೆ ನಂಗೆ ಕೈಯೇ ಓಡಲ್ಲ. ಹೋಗಿ ಗಲ್ಲಾದಲ್ಲಿ ಕೂತ್ಕೊಳಿ ಸಾರ್. ಆದ್ಮೇಲೆ ನಾನೇ ಬಂದು ಹೇಳ್ತೀನಿ.”

“ಹೌದು ಹೌದು, ನಾನು ಆಚೆ ಹೋದ ಕೂಡಲೇ ಒಳ್ಳೆ ಸಾಮಾನು ತೆಗೆದು ಗುಜರಿ ಸಾಮಾನು ಹಾಕಲಿಕ್ಕಾ?”

ಹಾಗೆಂದು ಮುಖಕ್ಕೇ ಹೇಳಿಬಿಟ್ಟೆ. ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟು ನನ್ನನ್ನು ಒಂದು ಗಳಿಗೆ ನೋಡಿದರು, ಮತ್ತೆ ಎತ್ತಿಕೊಂಡರು. ನನ್ನ ಬಾಯಿಗೆ ಬೀಗ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಆ ದಿನ ನನಗೆ ತಲೆ ಬಿಸಿಯೂ ಇತ್ತು. ಮರುದಿನ ಅಡ್ಯಾರಿನಲ್ಲಿ ಬ್ಯಾಂಕಿನ ಅಧಿಕಾರಿಯೊಬ್ಬರ ಮಗಳ ಮದುವೆ. ಬೆಳಗಿನ ತಿಂಡಿ ನನ್ನದು, ನನಗೆ ಸಿಕ್ಕ ಮೊತ್ತಮೊದಲ ಮದುವೆ ಆರ್ಡರು. ಗಂಡಿನ ಕಡೆಯವರು ಎಂಟು ಗಂಟೆಗೆ ಸರಿಯಾಗಿ ಎಲೆಯ ಮುಂದೆ ಕೂರುವ ಪೈಕಿ. ತಡವಾದರೆ ಆ ಹೆಣ್ಣಿನ ತಂದೆಯ ಮರ್ಯಾದೆ ಹೋಗುತ್ತದೆ, ಜೊತೆಗೆ ನನ್ನದೂ. ಮದರಾಸಿನ ಕನ್ನಡದ ಮನೆಗಳಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು? ಆಮೇಲೆ ಒಬ್ಬರೂ ನನ್ನನ್ನು ಕರೆಯುವುದಿಲ್ಲ.

ಎಂಜಿನ್ನಿಗೆ ಪೆಟ್ರೋಲು ಕುಡಿಸುವ ಕಾರ್ಬುರೇಟರನ್ನು ಬಿಚ್ಚಿ, ಅದರ ತುಣುಕುಗಳನ್ನೆಲ್ಲ ಪೆಟ್ರೋಲಿನಲ್ಲಿ ನೆನೆಸಿ ತೆಗೆದು ತಟ್ಟೆಯಲ್ಲಿಟ್ಟು, ಮೇಸ್ತ್ರಿ ಊಟಕ್ಕೆ ಮನೆಗೆ ಹೋದರು. ನಾನು ಕಾವಲಿಗೆ ಕೂತೆ. ಕೂತವನ ಕಣ್ಣು ತಟ್ಟೆಯ ಮೇಲೆ ಬಿತ್ತು. ಹಿತ್ತಾಳೆ! ಅದೂ ಮಸಿ ಹಿಡಿದ ಹಿತ್ತಾಳೆ. ನನ್ನ ಹೋಟೆಲಿನಲ್ಲಿ ಒಂದು ಚೊಂಬು ಹಾಗೆ ಕಪ್ಪಾಗಿದ್ದರೆ ಪಾತ್ರೆ ತೊಳೆಯುವವರಿಗೆ ಅವತ್ತು ಗ್ರಹಚಾರ. ಛೀ, ಇಷ್ಟು ಕೊಳಕಾದರೆ ಗಾಡಿ ಹೇಗೆ ಓಡೀತು ಎಂದುಕೊಂಡೆ. ಹೋಟೆಲಿಗೆ ಓಡಿ ಒಂದು ಉಂಡೆ ಹುಣಸೆಹಣ್ಣು, ಒಂದು ಮುಷ್ಟಿ ಒಲೆ ಬೂದಿ ತಂದೆ. ತೆಂಗಿನ ನಾರು ಹಿಡಿದು ತಿಕ್ಕಿದೆ ನೋಡಿ! ನಲ್ಲಿಯಲ್ಲಿ ತೊಳೆದು, ಪಂಚೆಯ ತುದಿಯಲ್ಲಿ ಒರೆಸಿ ಇಟ್ಟರೆ ಮದುಮಗಳ ಬಳೆಯ ಹಾಗೆ ಫಳಫಳ.

ಮೇಸ್ತ್ರಿ ಬಂದವರು ತಟ್ಟೆ ನೋಡಿ ಕಣ್ಣು ಕಿರಿದು ಮಾಡಿದರು. “ಇದೇನು, ರೊಂಬ ಬೆಳ್ಳಗಾಗೋಗಿದೆ?”

“ಪೆಟ್ರೋಲಿನಲ್ಲಿ ನೆನೆಸಿದ್ದಿರಲ್ಲ, ಅದಕ್ಕೇ ಇರಬೇಕು. ಬೇಗ ಜೋಡಿಸಿ, ನಾಳೆ ಮದುವೆ ಉಂಟು!”

ಅವರು ತುಣುಕುಗಳ ತೂತಿಗೆ ಊದಿ ನೋಡಿದರು, ಗಾಳಿ ಆಚೆ ಹೋಯಿತು. ನಾನು “ಬೇಗ, ಬೇಗ” ಎಂದು ಬೆನ್ನು ಹತ್ತಿದ್ದರಿಂದ ಮತ್ತೊಮ್ಮೆ ನೋಡದೆ ಜೋಡಿಸಿದರು. ಗಾಡಿ ಗುರ್ರೆಂದಿತು.

ಆದರೂ ನನಗೆ ನಂಬಿಕೆಯಿಲ್ಲ. ರಿಪೇರಿ ಮಾಡಿದವರೇ ಓಡಿಸಬೇಕು ಎಂದು ಹಟ ಹಿಡಿದೆ. ಮರುದಿನ ಬೆಳಿಗ್ಗೆ ಮೇಸ್ತ್ರಿ ಸ್ಟೇರಿಂಗ್ ಹಿಡಿದರು, ಪಕ್ಕದಲ್ಲಿ ನಾನು, ಹಿಂದೆ ಇಡ್ಲಿ ಬುಟ್ಟಿಗಳ ನಡುವೆ ಸಾಂಬಾರಿನ ಕೊಪ್ಪರಿಗೆ ತಬ್ಬಿಕೊಂಡು ಅಡುಗೆ ಭಟ್ಟರು. ಏಳೂವರೆಗೆ ಸೈದಾಪೇಟೆ ಸೇತುವೆಯ ನಟ್ಟನಡುವೆ ಗಾಡಿ ಎರಡು ಸಲ ಕೆಮ್ಮಿ ನಿಂತಿತು.

ನನ್ನ ಪಿತ್ತ ನೆತ್ತಿಗೇರಿತು. “ಕಣ್ಣೆದುರು ಕೂತು ಕಾದದ್ದಕ್ಕೇ ಹೀಗೆ! ಕಾಯದಿದ್ದರೆ ಚಕ್ರವೂ ವಾಪಸು ಬರ್ತಿರಲಿಲ್ಲ. ನನ್ನ ಅನ್ನಕ್ಕೆ ಕಲ್ಲು ಹಾಕಿದಿರಲ್ಲ ಮಾರಾಯ್ರೇ!” ಎಂದು ಸೇತುವೆಗೆಲ್ಲ ಕೇಳುವಂತೆ ಕೂಗಾಡಿದೆ. ಸೈಕಲಿನವರು ನಿಂತು ನೋಡಿದರು. ಮೇಸ್ತ್ರಿಯ ಕಿವಿ ಕೆಂಪಾಯಿತು. ಬಾನೆಟ್ ಎತ್ತಿ, ಪೆಟ್ರೋಲು ಹೋಗುವ ಸಣ್ಣ ಹಿತ್ತಾಳೆ ತುಣುಕನ್ನು ಬಿಚ್ಚಿ, ಅದರ ತೂತಿಗೆ ತಂತಿ ಹಾಕಿದರು. ಮೊದಲು ಬೂದಿಯ ಕೆಸರು ಬಂತು. ಆಮೇಲೆ ಕಂದು ಬಣ್ಣದ ಒಂದು ನಾರು. ಅದನ್ನು ಬೆರಳ ತುದಿಯಲ್ಲಿ ಹಿಡಿದು ಮೂಸಿದರು. ಹಿಂದಿದ್ದ ಸಾಂಬಾರಿನ ಕಡೆ ನೋಡಿದರು. ನನ್ನ ಕಡೆ ನೋಡಿದರು.

ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಬಹುದಿತ್ತು. ಕೆಳಗಿದ್ದದ್ದು ಅಡ್ಯಾರ್ ನದಿ.

“ಎಂತ ಸಿಕ್ಕಿತು ಮೇಸ್ತ್ರೀ?” ಎಂದರು ಭಟ್ಟರು, ಕೊಪ್ಪರಿಗೆ ಬಿಡದೆ.

ಈಗ ಹೇಳುತ್ತಾರೆ, ಇಷ್ಟು ಜನರ ಎದುರಿಗೇ ಹೇಳುತ್ತಾರೆ ಎಂದುಕೊಂಡೆ. ಹೇಳುವ ಹಕ್ಕು ಅವರಿಗಿತ್ತು.

“ಏನಿಲ್ಲ ಬಿಡಿ,” ಎಂದರು ಮೇಸ್ತ್ರಿ, ನಾರನ್ನು ಸೇತುವೆಯಾಚೆ ಎಸೆದು. “ಧೂಳು.”

ಎಂಟಕ್ಕೆ ಐದು ನಿಮಿಷ ಇರುವಾಗ ತಲುಪಿದೆವು. ಎಲೆ ಹಾಕಿ ಆಗಿತ್ತು. ಹೆಣ್ಣಿನ ತಂದೆ ನನ್ನ ಕೈ ಹಿಡಿದು, ಮಾತಿಗೆ ತಪ್ಪದವರು ನೀವು ಎಂದರು. ನಾನು ಹೊರಗೆ ಕೊಪ್ಪರಿಗೆ ಇಳಿಸುತ್ತಿದ್ದ ಮೇಸ್ತ್ರಿಯ ಕಡೆ ನೋಡಿದೆ.

ಮರುದಿನ ವರ್ಕ್‌ಶಾಪಿಗೆ ಹೋದೆ, ಸ್ಟೂಲಿಲ್ಲದೆ. “ತಪ್ಪಾಯಿತು ಮೇಸ್ತ್ರೀ. ನಿಮಗೆ ಎಂತ ಬೇಕು, ಕೇಳಿ.”

ಅವರು ಕೈ ಒರೆಸಿಕೊಳ್ಳುತ್ತ ಯೋಚಿಸಿದರು. “ಒಂದು ಹೊತ್ತು ನಿಮ್ಮ ಅಡುಗೆಮನೇಲಿ ಸ್ಟೂಲ್ ಹಾಕ್ಕೊಂಡು ಕೂರ್ತೀನಿ. ಅಷ್ಟೇ ಮೊದಲಾಳಿ.”

ಭಟ್ಟರು ಹಾರಾಡಿದರು. “ಹೊರಗಿನವರು ಒಳಗೆ ಬಂದರೆ ಮಡಿಯ ಗತಿ ಎಂತ? ಬೋರ್ಡು ಬರೆಸಿದ್ದು ನೀವೇ ಅಲ್ವಾ?” ಬರೆಸಿದವನೇ ಬಾಗಿಲು ತೆಗೆದೆ. ಮೇಸ್ತ್ರಿ ಸ್ನಾನ ಮಾಡಿ, ಬಿಳಿ ವೇಷ್ಟಿ ಉಟ್ಟು ಬಂದರು. ಗ್ರೀಸ್ ಇಲ್ಲದ ಅವರ ಕೈ ನಾನು ಕಂಡದ್ದು ಅವತ್ತೇ ಮೊದಲು.

ಸಾಂಬಾರಿನ ಹದ ನನ್ನ ಕೈಯದು. ಉಪ್ಪು, ಇಂಗು ನಾನೇ ಹಾಕಬೇಕು, ಭಟ್ಟರಿಗೂ ಬಿಡುವುದಿಲ್ಲ. ಸೌಟು ಹಿಡಿದೆ.

“ಅದು ಎಂತಕ್ಕೆ ಹಾಕೋದು?” ಎಂದರು ಮೇಸ್ತ್ರಿ. ‘ಎಂತಕ್ಕೆ’ ಎನ್ನುವುದನ್ನು ನನ್ನಿಂದಲೇ ಕಲಿತಿದ್ದರು.

“ಹಾಕಬೇಕು.”

“ಮೆಲ್ಲ ಕಲಕಿ ಮೊದಲಾಳಿ. ತರಕಾರಿ ಒಡೆದೋಗುತ್ತೆ.”

ಬೆನ್ನಿನ ಮೇಲೆ ಅವರ ಕಣ್ಣು ಚುಚ್ಚುತ್ತಿತ್ತು. ಇಪ್ಪತ್ತು ವರ್ಷ ಕಣ್ಣು ಮುಚ್ಚಿ ಮಾಡಿದ ಕೆಲಸ, ಉಪ್ಪು ಹಾಕಿದೆನೋ ಇಲ್ಲವೋ ಎಂದೇ ಮರೆತುಹೋಯಿತು. ಹಾಕಿದೆ. ಬೆವರು ಒರೆಸಿಕೊಂಡೆ. ಆಮೇಲೆ ಮತ್ತೊಮ್ಮೆ ಹಾಕಿದೆನೆಂದು ಕಾಣುತ್ತದೆ.

ಮೊದಲ ಇಡ್ಲಿ ಮೇಸ್ತ್ರಿಗೇ ಬಡಿಸಿದೆ. ಒಂದು ತುತ್ತು ಬಾಯಿಗಿಟ್ಟರು, ಅಗಿಯುವುದನ್ನು ನಿಲ್ಲಿಸಿದರು, ಹಾಗೆಯೇ ನುಂಗಿದರು. ತಲೆಯೆತ್ತದೆ ನಾಲ್ಕು ಇಡ್ಲಿ, ಎರಡು ಬಟ್ಟಲು ಸಾಂಬಾರು ಮುಗಿಸಿದರು. ನನಗೋ ಖುಷಿಯೋ ಖುಷಿ. ಅಷ್ಟರಲ್ಲಿ ಭಟ್ಟರು ಒಂದು ಹನಿ ಅಂಗೈಗೆ ಹಾಕಿ ನೆಕ್ಕಿದವರು ಥೂ ಎಂದು ಉಗಿದರು.

“ಅಯ್ಯಯ್ಯೋ! ಇದಕ್ಕೆ ಎಂತ ಬಿದ್ದಿದೆ ಮಾರಾಯ್ರೇ?”

ಮೇಸ್ತ್ರಿ ಮೂರನೆಯ ಲೋಟ ನೀರು ಕುಡಿದು, ಮೀಸೆ ಒರೆಸಿಕೊಂಡು ನನ್ನನ್ನು ನೋಡಿದರು.

“ಏನಿಲ್ಲ ಬಿಡಿ ಭಟ್ರೇ,” ಎಂದರು. “ಧೂಳು.”