ಇಪ್ಪತ್ತೆರಡನೆಯ ಪುಟ ಊರು ತಲುಪಿದ ಬಗೆ

೧೯೫೭ರ ಮಳೆಗಾಲದ ಹೊತ್ತಿಗೆ ನನ್ನನ್ನು ಸೊರಬ ತಾಲ್ಲೂಕಿನ ಒಂದು ಹೆರಿಗೆ ಕೇಂದ್ರಕ್ಕೆ ಮಿಡ್‌ವೈಫ್ ಆಗಿ ನೇಮಿಸಿದರು. ನನಗಾಗ ಇಪ್ಪತ್ತಾರು ವರ್ಷ. ಶಿಕಾರಿಪುರದಲ್ಲಿ ಹುಟ್ಟಿ ಬೆಳೆದವಳಾದ್ದರಿಂದ ಸೊರಬ ನನಗೆ ಪರಸ್ಥಳವೇನೂ ಆಗಿರಲಿಲ್ಲ. ಅಲ್ಲಿಂದ ನಿವೃತ್ತಿಯವರೆಗೆ ನಾನು ಮಾಡಿಸಿದ ಹೆರಿಗೆಗಳಿಗೆ ಲೆಕ್ಕವಿಲ್ಲ. ಆದರೂ ನನ್ನ ವೃತ್ತಿಯಲ್ಲಿ ಮರೆಯಲಾಗದ್ದು ಯಾವುದು ಎಂದು ಯಾರಾದರೂ ಕೇಳಿದರೆ, ನಾನು ತಲುಪುವ ಮೊದಲೇ ಮುಗಿದುಹೋಗಿದ್ದ ಒಂದು ಹೆರಿಗೆಯನ್ನೇ ಹೇಳುತ್ತೇನೆ.

ನಮ್ಮ ಕೇಂದ್ರವೆಂದರೆ ಎರಡು ಕೋಣೆ, ಒಂದು ಮೇಜು, ಉಪಕರಣ ಕುದಿಸುವ ಒಂದು ಪಾತ್ರೆ. ಅಲ್ಲಿಗೆ ಬಂದು ಹೆರುವವರು ತೀರ ಕಡಿಮೆ. ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದವರು ಸೂಲಗಿತ್ತಿಯರು. ಅವರ ಕೈಗುಣದ ಬಗ್ಗೆ ನನಗೆ ಗೌರವವಿತ್ತು. ಮಗು ಅಡ್ಡ ತಿರುಗಿದ್ದನ್ನು ಹೊಟ್ಟೆ ಮುಟ್ಟಿಯೇ ಹೇಳಬಲ್ಲವರಿದ್ದರು. ಎಡವಟ್ಟಾಗುತ್ತಿದ್ದದ್ದು ಹೊಕ್ಕುಳಬಳ್ಳಿ ಕತ್ತರಿಸುವಾಗ. ಕೈಗೆ ಸಿಕ್ಕ ಕುಡುಗೋಲಿನಿಂದ ಕತ್ತರಿಸಿ, ಗಾಯಕ್ಕೆ ಬೂದಿಯನ್ನೋ ಸಗಣಿಯನ್ನೋ ಮೆತ್ತುತ್ತಿದ್ದರು. ಏಳೆಂಟು ದಿನಕ್ಕೆ ಕೂಸು ಮೊಲೆ ಹಿಡಿಯುವುದನ್ನು ಬಿಡುತ್ತಿತ್ತು. ದವಡೆ ಬಿಗಿದು, ಮೈ ಬಿಲ್ಲಿನಂತೆ ಸೆಟೆದು, ಮುಟ್ಟಿದರೆ ಬೆಚ್ಚಿ ನಡುಗಿ, ಎರಡು ಮೂರು ದಿನದಲ್ಲಿ ತೀರಿಕೊಳ್ಳುತ್ತಿತ್ತು. ಊರವರು ಅದನ್ನು ಬಾಲಗ್ರಹ ಎನ್ನುತ್ತಿದ್ದರು. ನಾವು ಕಲಿತದ್ದು ಟೆಟನಸ್, ಅಂದರೆ ಧನುರ್ವಾಯು. ಮೊದಲ ವರ್ಷವೇ ಅಂಥ ಆರು ಕೂಸುಗಳನ್ನು ನಾನು ನೋಡಿದೆ. ಒಂದೂ ಉಳಿಯಲಿಲ್ಲ.

ಇದನ್ನು ತಡೆಯಲು ದೊಡ್ಡ ಔಷಧ ಬೇಕಿರಲಿಲ್ಲ. ಒಂದು ಹೊಸ ಬ್ಲೇಡು, ಒಂದು ಮೊಳ ದಾರ, ಎರಡನ್ನೂ ಕುದಿಸಲು ಒಂದು ಪಾತ್ರೆ ನೀರು, ಗಾಯಕ್ಕೆ ಏನನ್ನೂ ಮೆತ್ತದೆ ಇರುವ ಬುದ್ಧಿ, ಇಷ್ಟೇ. ಆದರೆ ನಾನು ಒಬ್ಬಳು, ಹಳ್ಳಿಗಳು ಹಲವು. ನಾನು ಹೋಗಲಾಗದ ಕಡೆ ನನ್ನ ಮಾತಾದರೂ ಹೋಗಲಿ ಎಂದು ಒಂದು ಪುಸ್ತಕ ಬರೆದೆ. ಹೆಸರು ‘ಹೆರಿಗೆಯ ಮನೆಗೆ ಹತ್ತು ಮಾತು’. ಓದು ಬಾರದವರಿಗೆ ಇನ್ನೊಬ್ಬರು ಓದಿ ಹೇಳುವಂತೆ ಸಣ್ಣ ಸಣ್ಣ ವಾಕ್ಯ, ದಪ್ಪ ಅಕ್ಷರ, ನಲವತ್ತೆಂಟು ಪುಟ. ಹೊಕ್ಕುಳಬಳ್ಳಿಯ ವಿಚಾರ ಇಪ್ಪತ್ತೆರಡನೆಯ ಪುಟದಲ್ಲಿತ್ತು. ಎದುರಿನ ಪುಟದಲ್ಲಿ ಅದರ ಚಿತ್ರ.

ಸರ್ಕಾರಿ ನೌಕರಳಾದ್ದರಿಂದ ಮೇಲಧಿಕಾರಿಗಳ ಅನುಮತಿ ಬೇಡಿದೆ. ಕೇಂದ್ರದ ಒಳಗೆ ಮಾರಕೂಡದು ಎಂಬ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟರು. ಹಸ್ತಪ್ರತಿಯನ್ನು ಇಬ್ಬರು ಪ್ರಕಾಶಕರಿಗೆ ಕಳಿಸಿದೆ. ಒಬ್ಬರಿಂದ ಉತ್ತರವೇ ಬರಲಿಲ್ಲ. ಇನ್ನೊಬ್ಬರು, ಹಳ್ಳಿಯ ಹೆಂಗಸರು ಪುಸ್ತಕ ಕೊಳ್ಳುವುದಿಲ್ಲವೆಂದು ಎರಡು ಸಾಲು ಬರೆದು ಹಿಂತಿರುಗಿಸಿದರು. ಹಾಗಾದರೆ ನಾನೇ ಅಚ್ಚು ಹಾಕಿಸುತ್ತೇನೆ ಎಂದು ಹಟ ಬಂತು. ಶಿಕಾರಿಪುರದಲ್ಲಿ ರುದ್ರಪ್ಪ ಎಂಬುವರ ಮುದ್ರಣಾಲಯವಿತ್ತು. ಮದುವೆ ಕಾಗದ, ಅಂಗಡಿಯ ರಸೀದಿ ಪುಸ್ತಕ ಮುದ್ರಿಸುವ ಕಾಲಿನಿಂದ ತುಳಿಯುವ ಯಂತ್ರ. ಒಂದೊಂದೇ ಅಚ್ಚಿನ ಮೊಳೆ ಜೋಡಿಸಿ, ಎರಡು ತಿಂಗಳಲ್ಲಿ ಸಾವಿರ ಪ್ರತಿ ತೆಗೆದುಕೊಟ್ಟರು. ಮೊದಲ ಪ್ರತಿ ಕೈಗೆ ಬಂದಾಗ ಮಸಿಯ ವಾಸನೆ ಹೋಗಿರಲಿಲ್ಲ. ನಾನು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ಮಾರಾಟದ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಶಿಕಾರಿಪುರದಲ್ಲಿ ಶಾಲೆಯ ಪುಸ್ತಕ, ಸ್ಲೇಟು, ನೋಟ್‌ಬುಕ್ ಮಾರುವ ಚನ್ನವೀರಪ್ಪನವರ ಅಂಗಡಿ ದೊಡ್ಡದು. ಅವರು ನಮ್ಮ ತಂದೆಗೆ ಪರಿಚಯದವರು. ಎಲ್ಲ ಪ್ರತಿಗಳನ್ನೂ ತಾವೇ ಇಟ್ಟುಕೊಳ್ಳುವುದಾಗಿ ಹೇಳಿದರು.

“ಆದ್ರ ಒಂದು ಮಾತ್ರೀ ತಂಗಿ. ಬ್ಯಾರೆ ಯಾರಿಗೂ ಕೊಡಬಾರದು. ಬೇಕಾದವ್ರು ನಮ್ಮ ಅಂಗಡೀಗೇ ಬರ್ಲಿ.”

ಪುಸ್ತಕವಿರಬೇಕಾದದ್ದು ಪುಸ್ತಕದಂಗಡಿಯಲ್ಲಿ, ಅದರಲ್ಲಿ ಕೇಳುವುದೇನಿದೆ ಎಂದು ನಾನು ಸಂತೋಷದಿಂದಲೇ ಒಪ್ಪಿದೆ. ಸೊರಬಕ್ಕೆ ಮರಳಿ ನನ್ನ ಕೆಲಸದಲ್ಲಿ ಮುಳುಗಿದೆ. ಪುಸ್ತಕ ಊರೂರಿಗೆ ಹೋಗುತ್ತಿದೆ ಎಂದೇ ನಂಬಿಕೊಂಡು ಐದು ತಿಂಗಳು ಕಳೆದೆ.

೧೯೫೮ರ ಕೊನೆಯಲ್ಲಿ ಜಡೆಯ ಹತ್ತಿರದ ಒಂದು ಹಳ್ಳಿಯಿಂದ ಕರೆ ಬಂತು. ಹೋಗಿ ನೋಡಿದರೆ ಎಂಟು ದಿನದ ಗಂಡು ಕೂಸು. ದವಡೆ ಆಗಲೇ ಬಿಗಿದಿತ್ತು. ನನ್ನ ಕೈಯಲ್ಲಿ ಮಾಡುವುದೇನೂ ಉಳಿದಿರಲಿಲ್ಲ. ಮರುದಿನ ಅದು ಹೋಯಿತು. ಬಾಣಂತಿಯ ಹೆಸರು ಶಾಂತವ್ವ, ಹತ್ತೊಂಬತ್ತು ವರ್ಷದವಳು. ಅವಳ ಪಕ್ಕದಲ್ಲಿ ಕುಳಿತು, ಮುಂದಿನ ಸಲ ಹೀಗಾಗದಂತೆ ಏನು ಮಾಡಬೇಕೆಂದು ಮೆಲ್ಲಗೆ ಹೇಳಿದೆ. ಬ್ಲೇಡು, ದಾರ, ಕುದಿಯುವ ನೀರು. ಇದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿದ್ದೇನೆ, ಯಾರಿಂದಲಾದರೂ ಓದಿಸಿಕೊ ಎಂದೆ.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. “ನಾನೇ ಓದ್ತೀನ್ರೀ. ನಾಲ್ಕನೇ ಇಯತ್ತೆ ಪಾಸಾಗೀನಿ. ಬರೆದು ಆಗಿತ್ತು ಅಂದ್ರೆ ನಮ್ಮೂರಿಗೆ ಯಾಕೆ ಬರ್ಲಿಲ್ಲ?”

ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವಳು ನಿಜಕ್ಕೂ ತಿಳಿದುಕೊಳ್ಳಲು ಕೇಳಿದ್ದಳು.

ಆ ವಾರವೇ ರಜೆ ಹಾಕಿ ಶಿಕಾರಿಪುರಕ್ಕೆ ಹೋದೆ. ಅಂಗಡಿಯ ಎದುರು ಸಾಲಿನಲ್ಲಿ ನನ್ನ ಪುಸ್ತಕ ಕಾಣಲಿಲ್ಲ. ಒಳಗಿನ ಕೋಣೆಯಲ್ಲಿ, ಸ್ಲೇಟಿನ ಪೆಟ್ಟಿಗೆಗಳ ಹಿಂದೆ, ಕಟ್ಟು ಬಿಚ್ಚದೆ ಇದ್ದವು. ಮಾರಿದ್ದದ್ದು ಮೂವತ್ತೇಳು ಪ್ರತಿ.

ಚನ್ನವೀರಪ್ಪನವರು ಮುಖ ಸಣ್ಣದು ಮಾಡಿಕೊಂಡರು. “ಏನ್ ಮಾಡ್ಲಿರಿ ತಂಗಿ? ಸಾಲಿ ಹುಡುಗ್ರು ಬರೋ ಅಂಗಡಿ. ಹೆರಿಗಿ ಪುಸ್ತಕ ಎದುರಿಗೆ ಇಟ್ರ ಮಾಸ್ತರು ಏನಂತಾರ? ಇನ್ನ ಹೆಣ್ಮಕ್ಕಳು ನಮ್ಮ ಅಂಗಡಿ ಕಟ್ಟಿ ಹತ್ತಿದ್ದನ್ನ ನೀವು ನೋಡೀರೇನು?”

ಅವರು ಸುಳ್ಳು ಹೇಳುತ್ತಿರಲಿಲ್ಲ. ನನ್ನ ತಾಯಿ ಹುಟ್ಟಿದಾರಭ್ಯ ಆ ಬೀದಿಯಲ್ಲೇ ಓಡಾಡಿದವಳು, ಆ ಕಟ್ಟೆ ಹತ್ತಿದವಳಲ್ಲ. ಯಾರಿಗಾಗಿ ಬರೆದೆನೋ ಅವರು ಕಾಲಿಡದ ಒಂದೇ ಜಾಗದಲ್ಲಿ ಪುಸ್ತಕವನ್ನೆಲ್ಲ ಕೂಡಿಹಾಕಿದ್ದೆ. ತಪ್ಪು ಅವರದ್ದಕ್ಕಿಂತ ನನ್ನದೇ ಹೆಚ್ಚು. ನಾನು ಪುಸ್ತಕ ಎಲ್ಲಿ ಇದ್ದರೆ ಚೆಂದ ಎಂದು ಯೋಚಿಸಿದ್ದೆನೇ ಹೊರತು ಓದುವವರು ಎಲ್ಲಿ ಇರುತ್ತಾರೆ ಎಂದು ಯೋಚಿಸಿರಲಿಲ್ಲ.

“ನೂರು ಪ್ರತಿ ನಿಮ್ಮಲ್ಲೇ ಇರಲಿ ಕಾಕಾ. ಉಳಿದದ್ದನ್ನು ನಾನು ತೆಗೆದುಕೊಂಡು ಹೋಗ್ತೀನಿ. ನಿಮ್ಮ ಷರತ್ತಿನಿಂದ ನನ್ನನ್ನು ಬಿಡಿಸಬೇಕು” ಎಂದೆ. ಅವರು ಒಪ್ಪಿ, ತಾವೇ ಕಟ್ಟುಗಳನ್ನು ಬಸ್ಸಿನವರೆಗೆ ಹೊರಿಸಿದರು.

ಸೊರಬದಲ್ಲಿ ಮೊದಲು ಮಾಡಿದ ಪ್ರಯತ್ನ ಕೆಟ್ಟಿತು. ಸಂತೆಯಲ್ಲಿ ಚಾಪೆ ಹಾಸಿ, ಪರಿಚಯದ ಒಬ್ಬ ಅಜ್ಜಿಯನ್ನು ಕೂರಿಸಿ, ಪುಸ್ತಕ ಇಟ್ಟೆ. ಸಂತೆಗೆ ಬಂದ ಹೆಂಗಸರಿಗೆ ಕೈಯಲ್ಲಿ ಮೆಣಸಿನಕಾಯಿ, ಕಂಕುಳಲ್ಲಿ ಮಗು, ಬಸ್ಸು ತಪ್ಪೀತೆಂಬ ಅವಸರ. ಮೂರು ಸಂತೆಗೆ ನಾಲ್ಕು ಪುಸ್ತಕ ಹೋದವು. ಆಗ ನನಗೆ ಹೊಳೆದದ್ದು, ಹೆಂಗಸರಿಗೆ ಪುರಸೊತ್ತು ಇರುವ ಜಾಗ ಬೇಕು ಎಂದು. ಅಂಥದ್ದು ಊರಿನಲ್ಲಿ ಒಂದೇ ಇತ್ತು, ಹಿಟ್ಟಿನ ಗಿರಣಿ. ಅಲ್ಲಿ ಸರದಿ ಬರುವವರೆಗೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಕೂರಲೇಬೇಕು. ಗಿರಣಿಯ ಯಜಮಾನರ ಹೆಂಡತಿ ಪಾರ್ವತಮ್ಮನಿಗೆ ಓದು ಬರುತ್ತಿತ್ತು. ಒಂದು ಪ್ರತಿಯನ್ನು ದಾರ ಕಟ್ಟಿ ಗೋಡೆಗೆ ತೂಗುಹಾಕಿದೆವು. ಯಂತ್ರ ನಿಂತಾಗಲೆಲ್ಲ ಆಕೆ ಒಂದೊಂದು ಪುಟ ಓದಿ ಹೇಳುತ್ತಿದ್ದಳು. ಮುಂದಿನ ಪುಟ ಕೇಳಲು ರಾಗಿ ಇಲ್ಲದಿದ್ದರೂ ಬರುವವರು ಹುಟ್ಟಿಕೊಂಡರು. ಕೇಳಿದವರಲ್ಲಿ ಕೆಲವರು ಕೊಂಡರು.

ಗಿರಣಿಗೆ ಬಾರದವರ ಮನೆಗಳಿಗೆ ಬಳೆಗಾರ್ತಿ ಕಾಳಮ್ಮ ಹೋದಳು. ಐವತ್ತು ದಾಟಿದ ಹೆಂಗಸು, ಬಳೆಯ ಮಲಾರ ಹೆಗಲಿಗೇರಿಸಿಕೊಂಡು ಕುಬಟೂರು, ಜಡೆ, ಕ್ಯಾಸನೂರಿನ ಕಡೆಯೆಲ್ಲ ಸುತ್ತುವವಳು. ಅವಳಿಗೆ ಪ್ರವೇಶವಿಲ್ಲದ ನಡುಮನೆಯೇ ಇರಲಿಲ್ಲ. ಬಸುರಿಗೆ ಬಳೆ ತೊಡಿಸುವ ದಿನ ಯಾವ ಮನೆಯಲ್ಲಿ ಯಾವಾಗ ಎಂಬುದು ಅವಳಿಗೆ ನನಗಿಂತ ಮೊದಲು ಗೊತ್ತಾಗುತ್ತಿತ್ತು. ಅಕ್ಷರ ಮಾತ್ರ ಬರುತ್ತಿರಲಿಲ್ಲ.

“ನಾ ಹೆಂಗೆ ಮಾರ್ಲಿ ನರ್ಸಮ್ಮಾರೆ? ಇದ್ರಾಗೆ ಎಂಥ ಐತಿ ಅಂತ ನಂಗೇ ಗೊತ್ತಿಲ್ವಲ್ಲ” ಎಂದಳು. ಎರಡು ಮಧ್ಯಾಹ್ನ ಕೂರಿಸಿಕೊಂಡು ಪೂರ್ತಿ ಓದಿ ಹೇಳಿದೆ. ಚಿತ್ರ ನೋಡಿ ಪುಟ ಗುರುತು ಹಿಡಿದುಕೊಂಡಳು. ಆಮೇಲೆ ಬಳೆ ತೊಡಿಸುತ್ತ ತೊಡಿಸುತ್ತ ಬಸುರಿಯ ಕೈ ಬಿಡದೆ ಹತ್ತೂ ಮಾತು ಹೇಳಿ ಮುಗಿಸುತ್ತಿದ್ದಳಂತೆ. ಅತ್ತೆಯಂದಿರೇ ಎದ್ದು ಹೋಗಿ ಡಬ್ಬಿಯಿಂದ ಪುಸ್ತಕದ ಬೆಲೆ ಎಂಟಾಣೆ ತರುತ್ತಿದ್ದರಂತೆ.

ಇನ್ನು ಗಂಡಸರು. ಬ್ಲೇಡು ತರಬೇಕಾದವರು ಅವರೇ ತಾನೆ? ಮಾಸ್ತರುಗಳ ತಿಂಗಳ ಸಭೆಯಲ್ಲಿ ಮಾತಾಡಲು ಅವಕಾಶ ಕೇಳಿದೆ. ನಾಚಿಕೆಯಿಂದ ಯಾರೂ ನನ್ನ ಮುಖ ನೋಡಲಿಲ್ಲ, ಆದರೆ ಹೊರಡುವಾಗ ಹನ್ನೊಂದು ಮಂದಿ ಪ್ರತಿ ಕೊಂಡರು. ಜಡೆಯ ಬಸ್ ಏಜೆಂಟರು ತಮ್ಮ ಕಿಟಕಿಯಲ್ಲಿ ಹತ್ತು ಪ್ರತಿ ಇಟ್ಟುಕೊಂಡರು. ಒಂದು ವಾರಪತ್ರಿಕೆಯಲ್ಲಿ ನಾಲ್ಕು ಸಾಲಿನ ಪ್ರಕಟಣೆ ಕೊಟ್ಟೆ. ನಾನು ಕಾಣದ ಊರುಗಳಿಂದ ಕಾರ್ಡುಗಳು ಬರತೊಡಗಿದವು. ಅವರಿಗೆ ವಿ.ಪಿ.ಪಿ. ಮೂಲಕ, ಎಂದರೆ ಅಂಚೆಯವನಿಗೆ ಹಣ ಕೊಟ್ಟು ಕಟ್ಟು ಬಿಡಿಸಿಕೊಳ್ಳುವ ಏರ್ಪಾಟಿನಲ್ಲಿ ಕಳಿಸಿದೆ. ಚನ್ನವೀರಪ್ಪನವರೂ ಹಿಂದೆ ಬೀಳಲಿಲ್ಲ. ಮಾಸ್ತರುಗಳೇ ಬಂದು ಕೇಳತೊಡಗಿದ ಮೇಲೆ ಅವರ ಸಂಕೋಚ ಹೋಯಿತು. ‘ಪುಸ್ತಕ ನಮ್ಮಲ್ಲಿ ಸಿಗುತ್ತದೆ’ ಎಂದು ಸ್ಲೇಟಿನ ಮೇಲೆ ಬರೆದು ಬಾಗಿಲಿಗೆ ಇಟ್ಟರು. ನಾನು ಬೇರೆ ಕಡೆ ಮಾರಿದ್ದರಿಂದ ಅವರ ವ್ಯಾಪಾರ ಕೆಡಲಿಲ್ಲ, ಹೆಚ್ಚಿತು.

೧೯೫೯ರ ಬೇಸಿಗೆಯ ಒಂದು ಬೆಳಿಗ್ಗೆ ಕುಬಟೂರಿನಿಂದ ಗಾಡಿ ಬಂತು. ಚೊಚ್ಚಲ ಹೆರಿಗೆ, ನೋವು ಶುರುವಾಗಿ ಬಹಳ ಹೊತ್ತಾಗಿದೆ ಎಂದರು. ಚೀಲ ಎತ್ತಿಕೊಂಡು ಹೊರಟೆ. ದಾರಿಯಲ್ಲಿ ಗಾಡಿಯ ಕಡಾಣಿ ಕಳಚಿ ಗಾಲಿ ಹೊರಬಂತು. ಅದನ್ನು ಸರಿಮಾಡಿ ಊರು ಮುಟ್ಟುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ಮನೆಯ ಹೊಸ್ತಿಲಲ್ಲಿ ಕಾಲಿಡುತ್ತಲೇ ಕೂಸಿನ ಅಳು ಕೇಳಿತು.

ಒಳಗೆ ಹನುಮಕ್ಕ ಕುಳಿತಿದ್ದಳು. ಎಪ್ಪತ್ತರ ಸೂಲಗಿತ್ತಿ. ನಾನು ಸೊರಬಕ್ಕೆ ಬಂದ ಹೊಸತರಲ್ಲಿ ಅವಳಿಗೆ ಇದನ್ನೆಲ್ಲ ಹೇಳಹೋದಾಗ, “ನೀ ಎಷ್ಟು ಹೆತ್ತೀಯೇ ನಂಗೆ ಹೇಳೋಕೆ?” ಎಂದು ಹತ್ತು ಜನರ ಎದುರು ಬೈದು ಕಳಿಸಿದ್ದಳು. ನನಗಿನ್ನೂ ಮದುವೆಯೇ ಆಗಿರಲಿಲ್ಲ. ಇವಳು ಕತ್ತರಿಸಿದ ಹೊಕ್ಕುಳ ಹೇಗಿದೆಯೋ ಎಂದು ಕೂಸಿನ ಬಟ್ಟೆ ಸರಿಸಿದೆ. ಬಗ್ಗಿ ನೋಡಿದೆ. ಎರಡು ಕಡೆ ಬಿಗಿಯಾಗಿ ಕಟ್ಟಿದ ಬಿಳಿ ದಾರ, ಅದರಾಚೆ ಒಂದೇ ಏಟಿಗೆ ಕತ್ತರಿಸಿದ ನೇರ ಗುರುತು. ಬೂದಿ ಇಲ್ಲ, ಸಗಣಿ ಇಲ್ಲ. ಒಲೆಯ ಮೇಲಿದ್ದ ಪಾತ್ರೆಯ ನೀರು ಇನ್ನೂ ಹಬೆಯಾಡುತ್ತಿತ್ತು. ಅದರ ಪಕ್ಕದಲ್ಲಿ ಬ್ಲೇಡಿನ ಕಾಗದ.

ಹನುಮಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. “ಎಂಥ ಹಂಗೆ ನೋಡ್ತೀ ನರ್ಸಮ್ಮ? ಇಪ್ಪತ್ತೆರಡನೇ ಪುಟ ತೆಗೆದು ನೋಡ್ಕ. ಹಂಗೇ ಮಾಡೀನಿ.”

ಅಕ್ಷರ ಬಾರದ ಹನುಮಕ್ಕ ನನಗೆ ಪುಟದ ಸಂಖ್ಯೆ ಹೇಳಿದಳು! ಅದು ಹೇಗೆ ಗೊತ್ತಾಯಿತೆಂದು ಕೇಳಿದೆ. ಕಾಳಮ್ಮ ಹನುಮಕ್ಕನ ಮನೆಗೆ ಬಳೆ ತೊಡಿಸಲು ಬಂದಾಗ ಅವಳ ಸೊಸೆ ಪುಸ್ತಕ ಕೊಂಡಿದ್ದಳಂತೆ. ಅತ್ತೆ ಬೇಡವೆಂದು ಗದರಿದರೂ ಸಂಜೆ ಗಟ್ಟಿಯಾಗಿ ಓದುತ್ತಿದ್ದಳಂತೆ. ಗಿರಣಿಗೆ ಹೋದರೆ ಅಲ್ಲೂ ಅದೇ ಮಾತು. ಊರಿನ ಮಾಸ್ತರು ಕೂಡ ಅದನ್ನೇ ಹೇಳಿದರಂತೆ. “ಮೂರೂ ಕಡೆ ಅದೇ ಹೇಳ್ತಾರೆ ಅಂದ್ಮೇಲೆ ಮಾಡಿ ನೋಡಾಣ ಅಂದ್ಕಂಡೆ” ಎಂದಳು ಹನುಮಕ್ಕ.

ಹತ್ತನೆಯ ದಿನ ಮತ್ತೆ ಹೋದೆ. ಹೊಕ್ಕುಳು ಒಣಗಿ ಉದುರಿತ್ತು. ಹೆಣ್ಣು ಕೂಸು ಕಣ್ಣು ಮುಚ್ಚಿಕೊಂಡು ಗಟ್ಟಿಯಾಗಿ ಮೊಲೆ ಚೀಪುತ್ತಿತ್ತು. ಗಾಡಿಯಲ್ಲಿ ಹಿಂತಿರುಗುವಾಗ ನನಗೆ ಅಳು ಬಂತು. ಸಂತೋಷದಲ್ಲಿ ಶಾಂತವ್ವನ ಮುಖವೂ ಬೆರೆತಿತ್ತು.

ಆ ವರ್ಷದ ಕೊನೆಗೆ ಸಾವಿರ ಪ್ರತಿ ಮುಗಿದು ರುದ್ರಪ್ಪನವರು ಎರಡನೆಯ ಮುದ್ರಣಕ್ಕೆ ಮೊಳೆ ಜೋಡಿಸಿದರು. ‘ಪ್ರತಿಗಳು ದೊರೆಯುವ ಸ್ಥಳ’ ಎಂದು ಒಳಪುಟದಲ್ಲಿ ಮೊದಲು ಅಂಗಡಿಯ ಹೆಸರೊಂದೇ ಇತ್ತು. ಈ ಸಲ ಏನು ಹಾಕಲಿ ಎಂದು ಕೇಳಿದರು. ನಾನು ಎಲ್ಲರ ಹೆಸರನ್ನೂ ಬರೆದುಕೊಟ್ಟೆ. ಅಚ್ಚಾದ ಮೇಲೆ ಆ ಪುಟವನ್ನು ಕಾಳಮ್ಮನ ಮುಂದೆ ಹಿಡಿದೆ.

“ಇದ್ರಾಗೆ ನಾನು ಯಾವುದು?” ಎಂದಳು. ತೋರಿಸಿದೆ. ಬಹಳ ಹೊತ್ತು ಅದರ ಮೇಲೆ ಬೆರಳಿಟ್ಟುಕೊಂಡು ಕುಳಿತಳು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, “ಹಂಗಾದ್ರೆ ನಂಗೆ ಇನ್ನೂ ಐವತ್ತು ಕೊಡ್ರಿ” ಎಂದಳು.

ತಾವೇ ಬರೆದು ತಾವೇ ಅಚ್ಚು ಹಾಕಿಸಿದ ಎಷ್ಟೋ ಜನ ನನ್ನ ಬಳಿ ಬಂದು, ಒಬ್ಬರು ಒಳ್ಳೆಯ ಮಾರಾಟಗಾರರನ್ನು ತೋರಿಸಿ ಎನ್ನುತ್ತಾರೆ. ಒಬ್ಬರು ಸಾಲದು ಎನ್ನುತ್ತೇನೆ. ಅಂಗಡಿ ಬೇಕು, ಅಂಚೆ ಬೇಕು, ಸಭೆ ಬೇಕು, ಹೆಗಲ ಮೇಲೆ ಹೊತ್ತು ನಡೆಯುವವರೂ ಬೇಕು. ಒಬ್ಬೊಬ್ಬರೂ ಇನ್ನೊಬ್ಬರಿಗೆ ತೆರೆಯದ ಬಾಗಿಲು ತೆರೆಯುತ್ತಾರೆ. ಮಿಡ್‌ವೈಫ್ ಕೆಲಸ ನನಗೆ ಕಲಿಸಿದ್ದೂ ಇದೇ: ಸರಿಯಾದ ಮಾತು ಗೊತ್ತಿದ್ದರೆ ಕೆಲಸ ಮುಗಿಯಲಿಲ್ಲ, ಬೇಕಾದ ಮನೆಯ ಒಳಕೋಣೆಗೆ ಅದು ಹೊತ್ತಿಗೆ ಮುಂಚೆ ಹೋಗಿ ಮುಟ್ಟಬೇಕು.