ಹೆಂಗಸರ ಬಾಗಿಲಿನ ಹೊನ್ನಕ್ಕ ಮತ್ತು ನೀರಿನ ಹಡಗು

ಹರಿಹರದ ನಮ್ಮ ಟಾಕೀಸಿನಲ್ಲಿ ಹೆಂಗಸರಿಗೆ ಬೇರೆ ಬಾಗಿಲಿತ್ತು. ಆ ಬಾಗಿಲು ಕಾಯುತ್ತಿದ್ದವಳು ಹೊನ್ನಕ್ಕ. ಮೇಲಿನ ಕ್ಯಾಬಿನ್ನಿನಲ್ಲಿ ಯಂತ್ರ ಓಡಿಸುತ್ತಿದ್ದ ಆಪರೇಟರ್ ನಾನು, ಕೊಟ್ಟೂರೇಶ. ಇಪ್ಪತ್ತು ವರ್ಷ ಒಂದೇ ಸೂರಿನ ಕೆಳಗೆ ದುಡಿದೆವು. ಅದರಲ್ಲಿ ಕೊನೆಯ ಆರು ವರ್ಷ ನಮ್ಮಿಬ್ಬರಿಗೂ ಮಾತಿರಲಿಲ್ಲ. ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನಡುವೆ ಎಲ್ಲೋ ನುಂಗಿಕೊಳ್ಳುವ ಜಾತಿ ನನ್ನದು.

ಹೊನ್ನಕ್ಕ ಭಾನುವಳ್ಳಿಯವಳು. ಗಂಡ ಬಸ್ ಸ್ಟ್ಯಾಂಡಿನಲ್ಲಿ ಹಮಾಲಿ ಮಾಡುತ್ತಿದ್ದ. ಅವಳು ಕೆಲಸಕ್ಕೆ ಸೇರಿದಾಗ ವಯಸ್ಸು ಮೂವತ್ತರ ಆಸುಪಾಸು. ಓದು ಬರುತ್ತಿರಲಿಲ್ಲ. ಟಿಕೆಟಿನ ಬಣ್ಣ ನೋಡಿ ಹರಿಯುತ್ತಿದ್ದಳು, ಒಮ್ಮೆಯೂ ಮೋಸ ಹೋಗಲಿಲ್ಲ. ಕೈಯಲ್ಲಿ ಉದ್ದನೆಯ ಟಾರ್ಚು. ಅದರ ಬೆಳಕನ್ನು ಯಾರ ಮುಖಕ್ಕೂ ಬಿಟ್ಟವಳಲ್ಲ, ಕಾಲ ಬುಡಕ್ಕೆ ಬಿಡುತ್ತಿದ್ದಳು. ಒಳಗೆ ಮಗು ಅತ್ತರೆ ತಾಯಿಯನ್ನು ಎಬ್ಬಿಸುತ್ತಿರಲಿಲ್ಲ. ತಾನೇ ಮಗುವನ್ನು ಎತ್ತಿಕೊಂಡು ವರಾಂಡದಲ್ಲಿ ತಿರುಗಾಡಿಸಿ, ನಿದ್ದೆ ಹತ್ತಿದ ಮೇಲೆ ತಂದು ಮಡಿಲಿಗೆ ಹಾಕುತ್ತಿದ್ದಳು. ಜಗಳವಾಡಿದ ಹೆಂಗಸರನ್ನು ಮಾತ್ರ ಕಣ್ಣಲ್ಲೇ ಕೂರಿಸುತ್ತಿದ್ದಳು.

ಕನ್ನಡ ಪಿಚ್ಚರುಗಳನ್ನು ಅವಳು ಅರೆಗಣ್ಣಿನಲ್ಲಿ ನೋಡುತ್ತಿದ್ದಳು. "ಮುಂದೇನಾಗ್ತೈತೆ ಅಂತ ಮೊದ್ಲೇ ಗೊತ್ತೈತಲ್ಲ" ಎನ್ನುವಳು. ಅವಳು ಗೋಡೆಗೆ ಒರಗದೆ, ಎಲೆ ಅಡಿಕೆ ಮೆಲ್ಲದೆ ನೋಡಿದ್ದು ಒಂದೇ ಒಂದು ಸರಣಿಯನ್ನು. ಅದು ಇಂಗ್ಲಿಷಿನದು. ಪೋಸ್ಟರಿನ ಮೇಲೆ ಅದರ ಹೆಸರು ಗಜದುದ್ದ ಇರುತ್ತಿತ್ತು, ಅದನ್ನು ಬಾಯಿಗೆ ಹಾಕಿಕೊಳ್ಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ಎಲ್ಲರೂ 'ನೀರಿನ ಹಡಗು' ಎಂದೇ ಕರೆದರು. ಬತ್ತಿಹೋದ ಗ್ರಹಗಳಿಗೆ ಒಂದು ಹಡಗು ಆಕಾಶದಲ್ಲಿ ನೀರು ಹೊತ್ತುಕೊಂಡು ಹೋಗುತ್ತದೆ. ಕಥೆ ಅಷ್ಟೇ.

ಮೊದಲನೆಯ ಭಾಗ ನಮ್ಮಲ್ಲಿಗೆ ಬಂದದ್ದು ಎಂಬತ್ತೊಂದರಲ್ಲಿ. ಅದುವರೆಗೆ ಆಕಾಶದ ಹಡಗೆಂದರೆ ಹೊಸ ಸ್ಟೀಲ್ ತಂಬಿಗೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ಇದು ಹಾಗಿರಲಿಲ್ಲ. ಮಸಿ ಹಿಡಿದಿತ್ತು, ಎಣ್ಣೆ ಸೋರುತ್ತಿತ್ತು, ಹೊಟ್ಟೆಯ ಎಡಮಗ್ಗುಲು ಗುದ್ದು ಬಿದ್ದು ತಗ್ಗಾಗಿತ್ತು. ಇಳಿಯುವಾಗ ಮೂರು ಕಾಲೂ ಭಾರಕ್ಕೆ ಕುಸಿಯುತ್ತಿದ್ದವು. ದಾವಣಗೆರೆಯ ಹಂಚಿಕೆದಾರರ ಕಚೇರಿಯಲ್ಲಿ ಒಬ್ಬ ಗುಮಾಸ್ತ ಇದ್ದ, ಇಂಗ್ಲಿಷ್ ಪತ್ರಿಕೆ ಓದುವವನು. ಅದು ಒಂದು ಮಾರುದ್ದದ ಬೊಂಬೆ ಹಡಗು, ಬಣ್ಣ ಹಚ್ಚಿದ ಮೇಲೆ ಬೇಕೆಂದೇ ಮಸಿ ಬಳಿದು ಹಳೆಯದು ಮಾಡಿದ್ದಾರೆ ಎಂದು ಅವನು ನನಗೆ ಹೇಳಿದ. ನಾನು ಅದನ್ನು ಹೊನ್ನಕ್ಕನಿಗೆ ಹೇಳಿದೆ.

"ಬೊಂಬೆ ಇರ್ಲಿ ಬಿಡು," ಅಂದಳು. "ದುಡಿದಿರೋ ಹಡಗು ಅದು. ನೋಡಿದ್ರೆ ಗೊತ್ತಾಗಲ್ಲೇನು?"

ಎರಡನೆಯ ಭಾಗ ಎಂಬತ್ತಾರರಲ್ಲಿ ಬಂತು. ಈಗ ಎಲ್ಲೆಲ್ಲೂ ಹೊಗೆ, ನೀಲಿ ಬೆಳಕು. ಸಿನಿಮಾದವರ ಕೈಯಲ್ಲಿ ದುಡ್ಡು ಓಡಾಡಿದ್ದು ಕಾಣುತ್ತಿತ್ತು. ಮೊದಲ ಆಟ ಮುಗಿದ ಮೇಲೆ ಹೊನ್ನಕ್ಕ ಮೆಟ್ಟಿಲು ಹತ್ತಿ ಕ್ಯಾಬಿನ್ನಿಗೇ ಬಂದಳು. "ಕೊಟ್ರೇಶ, ಗುದ್ದು ಬಿದ್ದ ಜಾಗಕ್ಕೆ ತಗಡು ಹೊಡ್ದಾರೆ, ನೋಡಿದ್ಯಾ?" ನಾನು ನಂಬಲಿಲ್ಲ. ರೀಲು ಬಿಚ್ಚಿ ಬಲ್ಬಿಗೆ ಹಿಡಿದು ನೋಡಿದೆ. ಉಗುರಿನಗಲದ ಚಿತ್ರದಲ್ಲಿ ಎಡಮಗ್ಗುಲಿಗೆ ಚೌಕನೆಯ ತೇಪೆ ಇತ್ತು. ಐದು ವರ್ಷದ ಹಿಂದೆ ನೋಡಿದ ಹಡಗಿನ ಗುದ್ದನ್ನು ನೆನಪಿಟ್ಟುಕೊಂಡಿದ್ದಳು ಈ ಹೆಂಗಸು. ಅದೇ ರೀಲನ್ನು ಕೈಯಾರೆ ಓಡಿಸಿದ ನನಗೆ ಕಂಡಿರಲಿಲ್ಲ.

ಪಿಚ್ಚರು ಬಿಟ್ಟ ಮೇಲೆ ಹೊರಗೆ ಬರುವ ಹೆಂಗಸರು ಹೊನ್ನಕ್ಕನ ಸುತ್ತ ನಿಲ್ಲುತ್ತಿದ್ದರು. ಇಂಗ್ಲಿಷು ಯಾರಿಗೂ ತಿಳಿಯದು. ಕೊನೆಯಲ್ಲಿ ಹಡಗು ಕತ್ತಲಲ್ಲಿ ಎತ್ತಲೋ ಹೋಯಿತು, ಎತ್ತ ಹೋಯಿತು? "ಏನಾತು ಹೊನ್ನಕ್ಕ ಕೊನೀಗೆ?" ಎಂದು ಕೇಳುವರು. ಅವಳು ಬಾಗಿಲಿನ ಅಗಳಿ ಹಿಡಿದುಕೊಂಡೇ ಹೇಳುವಳು: "ಮನೀಗೆ ಹೋತು. ಅದ್ರ ಊರಾಗೂ ಕೆರಿ ಬತ್ತೈತೆ. ಊರೋರಿಗೆಲ್ಲ ನೀರು ಕೊಟ್ಟೋರು ಸ್ವಂತ ಊರಿಗೆ ಕೊಡದಂಗಿರ್ತಾರೇನು?" ಹೆಂಗಸರಿಗೆ ಸಮಾಧಾನವಾಗುತ್ತಿತ್ತು. ನಂದಿಗುಡಿಯಿಂದ ಬಸ್ಸಿನಲ್ಲಿ ಬಂದವರು ಆ ಉತ್ತರವನ್ನೂ ಊರಿಗೆ ಒಯ್ಯುತ್ತಿದ್ದರು. ಹೆಂಗಸರ ಬಾಗಿಲಲ್ಲಿ ಅವಳ ಮಾತೆಂದರೆ ಮಾತು.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ.

ತೊಂಬತ್ತೆರಡರಲ್ಲಿ ಮೂರನೆಯ ಭಾಗ ಬಂತು. ಅದರಲ್ಲಿ ಹಡಗು ಸೂರ್ಯನ ಹತ್ತಿರ ಸಿಕ್ಕಿಕೊಳ್ಳುತ್ತದೆ. ತೆರೆಯ ತುಂಬ ಕೆಂಪು, ಕೆಂಡದ ಮುಂದೆ ಕೂತ ಹಾಗೆ ಕಣ್ಣುರಿ. ಕೊನೆಗೆ ಹಡಗು ಬೆಂಕಿಯೊಳಗೆ ಹೋಗಿ ಉರಿದುಬಿಡುತ್ತದೆ. ಇನ್ನು ಮುಂದಿನ ಭಾಗವಿಲ್ಲ, ಇದೇ ಕೊನೆ ಎಂದು ಪೋಸ್ಟರಿನಲ್ಲೇ ಹಾಕಿದ್ದರು. ಮ್ಯಾಟನಿ ಬಿಟ್ಟಾಗ ನಾನು ಬೀಡಿ ಸೇದಲು ಕೆಳಗೆ ಬಂದಿದ್ದೆ. ಎಂದಿನಂತೆ ಹೆಂಗಸರು ಕೇಳಿದರು. ಎಂದಿನಂತೆ ಹೊನ್ನಕ್ಕ ಹೇಳಿದಳು, "ಮನೀಗೆ ಹೋತು."

ತರಕಾರಿ ಮಾರುವ ಚೌಡವ್ವ ಎಂಬವಳು ಮುಖ ಗಂಟಿಕ್ಕಿದಳು. "ಸುಟ್ಟಂಗಾತಲ್ಲ ಹೊನ್ನಕ್ಕ?"

ನನಗೆ ನಗು ತಡೆಯಲಾಗಲಿಲ್ಲ. "ಬೂದಿ ಆತು ಚೌಡವ್ವ, ಬೂದಿ. ಹೊನ್ನಕ್ಕ ನೋಡಿದ್ರೆ ತಾನೇ ಹೇಳೋಕೆ? ಈಕೆ ಒಂದು ದಿನಾನೂ ಕೊನೆ ನೋಡಿಲ್ಲ. ಇಷ್ಟು ವರ್ಷ ಬುರುಡೆ ಬಿಟ್ಟಾಳೆ" ಅಂದೆ.

ಹೆಂಗಸರೆಲ್ಲ ನಕ್ಕರು. ಹೊನ್ನಕ್ಕ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಬಾಗಿಲು ಪೂರ್ತಿ ತೆಗೆದು ಪಕ್ಕಕ್ಕೆ ಸರಿದು ನಿಂತಳು. ಅಂದಿನಿಂದ ಯಾರಿಗೂ ಕಥೆ ಹೇಳಲಿಲ್ಲ. ಕೇಳಿದರೆ "ನಂಗೊತ್ತಿಲ್ಲ" ಎಂದು ಮುಗಿಸುತ್ತಿದ್ದಳು. ನನ್ನ ಕಡೆ ನೋಡುವುದನ್ನೂ ಬಿಟ್ಟಳು.

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳು ಕೊನೆಗಳನ್ನು ನೋಡಿರಲಿಲ್ಲ. ಆದರೆ ಯಾಕೆ ನೋಡಿರಲಿಲ್ಲ? ಕೊನೆಯ ರೀಲು ಅರ್ಧವಾಗುತ್ತಲೇ ಕ್ಯಾಬಿನ್ನಿನಿಂದ ಒಂದು ಬೆಲ್ ಒತ್ತಬೇಕು. ಅದು ಟಾಕೀಸಿನ ಸಾಹುಕಾರರ ಕಟ್ಟಳೆ. ಬೆಲ್ ಕೇಳಿದೊಡನೆ ಹೊನ್ನಕ್ಕ ಹೊರಗೆ ಹೋಗಿ, ಮುಂದಿನ ಆಟಕ್ಕೆ ಕಾದು ನಿಂತ ಗಂಡಸರು ಹೆಂಗಸರ ದಾರಿಗೆ ನುಗ್ಗದಂತೆ ವರಾಂಡ ತೆರವು ಮಾಡಿಸಿ, ಬಾಗಿಲು ತೆಗೆದುಕೊಂಡು ನಿಲ್ಲಬೇಕು. ದಿನಕ್ಕೆ ಮೂರು ಆಟ, ಮೂರು ಬೆಲ್. ಅದನ್ನು ಒತ್ತುತ್ತಿದ್ದ ಬೆರಳು ನನ್ನದೇ. ಅವಳನ್ನು ಹೊರಗೆ ಕಳಿಸುತ್ತಿದ್ದವನೇ, ನೀನು ನೋಡಿಲ್ಲ ಎಂದು ನಾಲ್ಕು ಜನರೆದುರು ನಕ್ಕಿದ್ದೆ. ಇದು ನನ್ನ ತಲೆಗೆ ಹೊಳೆಯಲು ತಿಂಗಳುಗಳೇ ಹಿಡಿದವು. ಹೊಳೆದ ಮೇಲೆ ನಾಚಿಕೆಯಾಯಿತು. ಆದರೂ ಹೋಗಿ ತಪ್ಪಾಯಿತು ಎನ್ನಲಿಲ್ಲ. ಜಂಬ ಬಿಡಲಿಲ್ಲ.

ಸಿನಿಮಾದವರಿಗೆ ಮಾತಿನ ಮೇಲೆ ನಿಲ್ಲುವ ಅಭ್ಯಾಸವಿಲ್ಲ. ಇದೇ ಕೊನೆ ಎಂದವರು ತೊಂಬತ್ತೆಂಟರಲ್ಲಿ ನಾಲ್ಕನೆಯ ಭಾಗ ತಂದರು. ಉರಿದುಹೋದ ಹಡಗು ಉರಿದೇ ಇರಲಿಲ್ಲವಂತೆ, ಬೆಂಕಿಯ ಆಚೆ ಕಡೆಯಿಂದ ಹೊರಟು ಹೋಗಿತ್ತಂತೆ. ದಾವಣಗೆರೆಗೂ ನಮಗೂ ಸೇರಿ ಒಂದೇ ಪ್ರಿಂಟು. ಅಲ್ಲಿ ಓಡಿದ ರೀಲುಗಳನ್ನು ಮಕ್ತುಮ್ ಸಾಬ್ ಎಂಬವರು ಲೂನಾದ ಹಿಂದೆ ಕಟ್ಟಿಕೊಂಡು ಎರಡೆರಡರಂತೆ ನಮಗೆ ತಂದು ಮುಟ್ಟಿಸುತ್ತಿದ್ದರು. ಶುಕ್ರವಾರ ಮೊದಲ ಆಟ. ಈ ಸಲ ಹಡಗನ್ನು ಕಂಪ್ಯೂಟರಿನಲ್ಲಿ ಮಾಡಿದ್ದರು. ಎಲ್ಲಾ ನುಣುಪು, ಎಲ್ಲಾ ಹೊಳಪು. ಹದ್ದಿನ ಹಾಗೆ ತಿರುಗಿ ಏಳುತ್ತಿತ್ತು.

ಹೊನ್ನಕ್ಕನ ಅಭಿಪ್ರಾಯ ನನಗೆ ಮಕ್ತುಮ್ ಸಾಬರ ಮೂಲಕ ಬಂತು. "ಅದು ಆ ಹಡಗಲ್ಲಂತ್ರಿ," ಎಂದರು ಅವರು ರೀಲಿನ ಡಬ್ಬಿ ಇಳಿಸುತ್ತ. "ಅದಕ್ಕೆ ಭಾರ ಇಲ್ಲಂತೆ. ಇಳಿದ್ರೆ ಕಾಲು ಕುಸಿಯಂಗಿಲ್ಲಂತೆ."

ನಾನು ಆ ಸಂಜೆ ಗಮನವಿಟ್ಟು ನೋಡಿದೆ. ಧೂಳೇನೋ ಏಳುತ್ತಿತ್ತು, ಕಾಲು ಮಾತ್ರ ಕಡ್ಡಿಯಷ್ಟೂ ಬಗ್ಗುತ್ತಿರಲಿಲ್ಲ.

ಆದರೆ ಕೊನೆಯ ರೀಲಿನಲ್ಲಿ ಏನಿದೆ ಎಂಬುದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಐದು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೆಲ್ ಒತ್ತಿದೆ. ಪ್ರತಿ ಸಲ ಅವಳು ಟಾರ್ಚು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಹೋಗುವುದು ಕ್ಯಾಬಿನ್ನಿನ ಕಿಂಡಿಯಿಂದ ಕಾಣುತ್ತಿತ್ತು.

ಬುಧವಾರ ಸಾಹುಕಾರ ಕರಿಬಸವರಾಜಪ್ಪನವರು ಬಂದು ಎಲ್ಲರನ್ನೂ ಸೇರಿಸಿದರು. ಹೆಂಗಸರೆಲ್ಲ ಮನೆಯಲ್ಲೇ ಟಿವಿ ನೋಡುತ್ತಾರೆ, ಬೇರೆ ಬಾಗಿಲು ಬೇರೆ ಬೆಂಚು ಯಾಕೆ ಎಂದರು. ಶುಕ್ರವಾರದಿಂದ ಆ ಬಾಗಿಲಿಗೆ ಗೋಡೆ. "ನೀನು ಸೈಕಲ್ ಸ್ಟ್ಯಾಂಡ್ ನೋಡ್ಕೋ ಹೊನ್ನಕ್ಕ" ಎಂದರು. ಅವಳು ಆಗಲಿ ಎಂದಳು. ಸೈಕಲ್ ಸ್ಟ್ಯಾಂಡಿನಿಂದ ತೆರೆ ಕಾಣುವುದಿಲ್ಲ. ನೀರಿನ ಹಡಗಿಗೂ ಗುರುವಾರವೇ ಕೊನೆಯ ದಿನ.

ಗುರುವಾರ ಬೆಳಿಗ್ಗೆ ನಾನೇ ಮೆಟ್ಟಿಲಿಳಿದು ಹೋದೆ. ಅವಳು ವರಾಂಡ ಗುಡಿಸುತ್ತಿದ್ದಳು.

"ಹೊನ್ನಕ್ಕ, ಕೊನೇ ಡಬ್ಬಿ ನನ್ನತ್ರಾನೇ ಐತೆ. ಈಗ್ಲೇ ಹಾಕ್ತೀನಿ. ಕೂತು ನೋಡು."

ಆರು ವರ್ಷದ ಮೇಲೆ ಮೊದಲ ಸಲ ನನ್ನ ಮುಖ ನೋಡಿದಳು. "ಊಟಕ್ಕೆ ಕರ್ದು ಬರೀ ಮಜ್ಜಿಗಿ ಬಡಿಸ್ತೀಯೇನು? ಬ್ಯಾಡ. ನಂದು ಬಾಗಿಲು ಕೆಲ್ಸ. ಬೆಲ್ಲು ಹೊಡಿ, ಹೋಗ್ತೀನಿ."

ಅವಳು ಹೇಳಿದ್ದು ಸರಿಯೇ. ನಾನು ಮೇಲೆ ಬಂದು ಯಂತ್ರ ಒರೆಸುತ್ತ ಕೂತೆ.

ಅಂದಿನ ಮ್ಯಾಟನಿಗೆ ಹೆಂಗಸರ ಕಡೆ ಹದಿನೈದು ಜನ ಇದ್ದರು. ಬಾಗಿಲು ಮುಚ್ಚುತ್ತಾರೆಂಬ ಸುದ್ದಿ ಕೇಳಿ ಚೌಡವ್ವನೂ ಬಂದಿದ್ದಳು. ಕೊನೆಯ ರೀಲು ಹಾಕಿದೆ. ಅರ್ಧವಾಯಿತು. ಬೆರಳು ಅಭ್ಯಾಸಬಲದಿಂದ ಬೆಲ್ಲಿನ ಮೇಲೆ ಹೋಯಿತು. ನಾನು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಕಿಂಡಿಯಿಂದ ನೋಡಿದರೆ ಹೊನ್ನಕ್ಕ ಬಾಗಿಲ ಬಳಿ ಅಗಳಿಗೆ ಕೈ ಹಾಕಿ ಕಾಯುತ್ತಿದ್ದಳು. ಒಮ್ಮೆ ತಿರುಗಿ ಕ್ಯಾಬಿನ್ನಿನ ಕಡೆ ನೋಡಿದಳು. ಬೆಲ್ ಬರಲಿಲ್ಲ. ಮತ್ತೆ ತೆರೆಯ ಕಡೆ ತಿರುಗಿದಳು.

ತೆರೆಯ ಮೇಲೆ ಒಂದು ಒಣಗಿದ ಕೆರೆ. ಬಿರುಕು ಬಿಟ್ಟ ನೆಲದ ಅಂಚಿನಲ್ಲಿ ಜನ ಸಾಲಾಗಿ ನಿಂತಿದ್ದಾರೆ. ಅದು ಹಡಗಿನ ಸ್ವಂತ ಊರು. ಹಡಗು ಮೇಲಿನಿಂದ ಇಳಿಯುತ್ತದೆ. ಇಲ್ಲಿ ಮಾತ್ರ ಸಿನಿಮಾದವರು ಕಂಪ್ಯೂಟರ್ ಬಿಟ್ಟು ಉಗ್ರಾಣದಲ್ಲಿದ್ದ ಹಳೆಯ ಬೊಂಬೆಯನ್ನೇ ಹೊರಗೆ ತೆಗೆದಿದ್ದರು. ಅದೇ ಮಸಿ, ಎಡಮಗ್ಗುಲಿಗೆ ಅದೇ ಚೌಕನೆಯ ತೇಪೆ. ಮೂರು ಕಾಲೂ ನೆಲ ಮುಟ್ಟಿದವು, ಭಾರಕ್ಕೆ ಕುಸಿದವು. ಹೊಟ್ಟೆ ತೆರೆದುಕೊಂಡು ನೀರು ಬಂತು.

ಹೊನ್ನಕ್ಕ ಬಾಗಿಲ ಪಕ್ಕದ ಬೆಂಚಿನ ತುದಿಗೆ ಕೂತುಬಿಟ್ಟಳು. ಇಪ್ಪತ್ತು ವರ್ಷದಲ್ಲಿ ಅವಳು ಒಳಗೆ ಕೂತದ್ದನ್ನು ನಾನು ನೋಡಿರಲಿಲ್ಲ.

ತೆರೆ ಬೆಳ್ಳಗಾಯಿತು. ಬಾಗಿಲು ಮುಚ್ಚಿಯೇ ಇತ್ತು. ಹೊರಗೆ ಗಂಡಸರು ಬಾಗಿಲು ತಟ್ಟತೊಡಗಿದರು, ಸಾಹುಕಾರರ ದನಿ ಜೋರಾಗಿ ಕೇಳಿಸಿತು. ನಾನು ದೀಪ ಹಾಕಿ, ಯಂತ್ರ ಆರಿಸಿ ಕೆಳಗೆ ಓಡಿದೆ. ಬೆಲ್ ಕೆಟ್ಟಿದೆ ಎಂದು ಅವರಿಗೆ ಹೇಳಬೇಕಿತ್ತು.

ಹೆಂಗಸರು ಎದ್ದು ಬಾಗಿಲ ಬಳಿ ಗುಂಪಾಗಿದ್ದರು. ಹೊನ್ನಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಅಗಳಿ ತೆಗೆದಳು. ಬಿಸಿಲು ಒಳಗೆ ಬಂತು. ಮೊದಲು ದಾಟಿದವಳು ಚೌಡವ್ವ. ಅವಳು ಹೊಸ್ತಿಲಲ್ಲೇ ನಿಂತು ಹಿಂದಕ್ಕೆ ತಿರುಗಿದಳು.

"ಏನಾತು ಹೊನ್ನಕ್ಕ ಕೊನೀಗೆ?"

ಹೊನ್ನಕ್ಕ ಅವಳನ್ನೂ ನೋಡಿದಳು, ವರಾಂಡದ ಕಂಬದ ಹತ್ತಿರ ನಿಂತಿದ್ದ ನನ್ನನ್ನೂ ನೋಡಿದಳು. ಕಣ್ಣು ಇನ್ನೂ ಒದ್ದೆಯಾಗಿತ್ತು.

"ಆವತ್ತೇ ಹೇಳಿದ್ನಲ್ಲ ಚೌಡವ್ವ," ಅಂದಳು. "ಮನೀಗೆ ಹೋತು ಅಂತ."