ಜೋಡಿ ಸಿಗದ ಕೋಲಜ್ಜ

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಕಚೇರಿಗಳು ಒಂದೊಂದಾಗಿ ಬಾಗಿಲು ತೆರೆಯುತ್ತಿದ್ದವು. ಕಂಪ್ಯೂಟರ್ ಬಲ್ಲವನಿಗೆ ಅಲ್ಲಿ ನೌಕರಿ ಖಾತ್ರಿ ಎಂದು ಎಲ್ಲರೂ ಮಾತಾಡುತ್ತಿದ್ದರು. ಹಾಗಾಗಿ ಬಿ.ಎ. ಓದುತ್ತಿದ್ದಾಗ ನಾನೂ ಬೆಟಗೇರಿ ರಸ್ತೆಯಲ್ಲಿ, ಬಟ್ಟೆ-ಅರಿವೆ ಅಂಗಡಿಯ ಮಾಳಿಗೆಯ ಮೇಲಿದ್ದ ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ನಮ್ಮ ಮನೆತನದಲ್ಲಿ ಕಾಲೇಜು ಕಂಡವನು, ಮುಂದೆ ಪದವಿ ಪಡೆದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಆಗಲೂ ಸಂಕೋಚವಿರಲಿಲ್ಲ, ಈಗಲೂ ಇಲ್ಲ. ಆದರೆ ಕಾಲೇಜಿನಲ್ಲಿ ಬೆಂಚಿನ ತುದಿಗೆ ಕುಳಿತು ಎದ್ದು ಬರುತ್ತಿದ್ದೆ. ಬೆಳಗಿನ ಬಸ್ಸು ಇಳಿದು ಸಂಜೆಯ ಬಸ್ಸು ಹತ್ತುವವರೆಗೆ ಯಾರೂ ಮಾತಾಡಿಸದ ದಿನಗಳಿದ್ದವು.

ಕ್ಲಾಸಿನಲ್ಲಿ ಮಾತ್ರ ಮೂವರು ಮಾತಾಡಿಸುತ್ತಿದ್ದರು. ಅಲ್ಲಿ ಊರು ಹಿಡಿದು ಕರೆಯುವ ರೂಢಿ. ಲಕ್ಷ್ಮೇಶ್ವರ ಎಂದರೆ ಶೇಂಗಾ ವ್ಯಾಪಾರದ ಸಾಹೇಬರ ಮಗ, ಬಾಯಿ ಜೋರು. ಮುಂಡರಗಿ ಎಂದರೆ ಗದಗಿನಲ್ಲೇ ಬಾಡಿಗೆ ಖೋಲಿ ಮಾಡಿಕೊಂಡಿದ್ದ ಮೆತ್ತಗಿನ ಹುಡುಗ. ಬೆಟಗೇರಿಯವನು ನೇಕಾರರ ಮನೆಯವನು, ಮಾತು ಕಡಿಮೆ. ನಾನು ಸೊರಟೂರ.

ಶನಿವಾರ ಪಾಠ ಮುಗಿದ ಮೇಲೆ ಸರ್ ಒಂದು ಕಂಪ್ಯೂಟರನ್ನು ನಮಗೆ ಬಿಟ್ಟುಕೊಡುತ್ತಿದ್ದರು. ಅದರಲ್ಲೊಂದು ಹೊಡೆದಾಟದ ಆಟವಿತ್ತು. ಒಂದೇ ಕೀಬೋರ್ಡಿಗೆ ಇಬ್ಬರು ಭುಜಕ್ಕೆ ಭುಜ ಹಚ್ಚಿ ಕೂರಬೇಕು. ಗೆದ್ದವನು ಕುರ್ಚಿ ಬಿಡುವುದಿಲ್ಲ, ಸೋತವನು ಎದ್ದು ಹಿಂದೆ ನಿಲ್ಲಬೇಕು. ಆಟದ ಪಾತ್ರಗಳ ಇಂಗ್ಲಿಷ್ ಹೆಸರು ನಮಗೆ ಬೇಕಿರಲಿಲ್ಲ. ಕೋಲು ಹಿಡಿದ ಗಡ್ಡದ ಮುದುಕನೊಬ್ಬನಿದ್ದ, ಅವನನ್ನು ಕೋಲಜ್ಜ ಎನ್ನುತ್ತಿದ್ದೆವು. ನಡಿಗೆ ನಿಧಾನ, ಆದರೆ ಕೋಲು ಅರ್ಧ ಪರದೆ ಮುಟ್ಟುತ್ತಿತ್ತು. ಬಿದ್ದವನು ಏಳುವ ಹೊತ್ತಿಗೆ ಸರಿಯಾಗಿ ಮತ್ತೊಮ್ಮೆ ಬೀಸಿದರೆ ಅವನು ಮತ್ತೆ ಬೀಳುತ್ತಿದ್ದ. ಹೀಗೆ ಏಳಲು ಬಿಡದೆಯೇ ಆಟ ಮುಗಿಸಬಹುದಿತ್ತು.

ಉಳಿದವರು ವಾರದ ನಡುವೆಯೂ ಬಂದು ಎಲ್ಲ ಪಾತ್ರಗಳನ್ನೂ ಆಡಿ ನೋಡುತ್ತಿದ್ದರು. ನನಗಿದ್ದದ್ದು ಶನಿವಾರ ಬಸ್ಸಿನವರೆಗಿನ ಹೊತ್ತು ಮಾತ್ರ. ಅದಕ್ಕೇ ಒಂದನ್ನೇ ಹಿಡಿದೆ, ಗಟ್ಟಿ ಮಾಡಿದೆ. ಇಂಗ್ಲಿಷ್ ಪೇಪರನ್ನೂ ನಾನು ಪಾಸು ಮಾಡಿದ್ದು ಹಾಗೆಯೇ. ಅಜ್ಜ ಕೈಗೆ ಹತ್ತಿದ ಮೇಲೆ ಶನಿವಾರದ ಆ ಕುರ್ಚಿ ನನ್ನದಾಯಿತು. ಸೋತವರ ಬೈಗುಳ, ಬೆನ್ನಿಗೊಂದು ಗುದ್ದು, "ಸೊರಟೂರ, ಸಾಕ ಏಳಲೇ" ಎನ್ನುವ ಮಾತು, ವಾರವಿಡೀ ನಾನು ಕಾಯುತ್ತಿದ್ದುದು ಇಷ್ಟಕ್ಕೇ. ಕುರ್ಚಿ ಹೋದರೆ ಗದಗಿನಲ್ಲಿ ನನ್ನನ್ನು ಬೈಯುವವರೂ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಒಂದು ಶನಿವಾರ ಲಕ್ಷ್ಮೇಶ್ವರದವನು ಸೋತು ಎದ್ದವನೇ ಕೀಬೋರ್ಡಿನ ಮೇಲೆ ಅಂಗೈ ಊರಿ ನಿಂತ.

"ಅಜ್ಜನ್ನ ಬ್ಯಾನ್ ಮಾಡೂಣು. ಇನ್ನ ಮ್ಯಾಲೆ ಯಾರೂ ಅವನ್ನ ತಗೋಬಾರ್ದು."

"ಯಾಕ?" ಎಂದೆ.

"ಯಾಕಂದ್ರ? ನಾವು ಆಡಾಕ ಬರ್ತೀವಿ, ಬೀಳಾಕಲ್ಲ."

"ಆಟದಾಗ ಅದಾನ, ತಗೋತೀನಿ. ನಿನಗ ಯಾರ ಬ್ಯಾಡ ಅಂದಾರ? ನೀನೂ ತಗೋ."

"ನಾನೂ ಅಜ್ಜ, ನೀನೂ ಅಜ್ಜ. ಇಬ್ಬರು ಮುದುಕರು ನಿಂತಲ್ಲೇ ನಿಂತು ಕೋಲು ಬೀಸೂದ ನೋಡಾಕ ನಮ್ಮಪ್ಪ ಫೀ ಕಟ್ಟ್ಯಾನೇನು?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಹಟ ಹಿಡಿದು ವಾದಿಸಿದೆ. ಬಲ ಹೆಚ್ಚೆಂದು ಇವನನ್ನು ತೆಗೆದರೆ ನಾಳೆ ಇನ್ನೊಬ್ಬನು ಎಲ್ಲರಿಗಿಂತ ಬಲದವನಾಗುತ್ತಾನೆ, ಅವನನ್ನೂ ತೆಗೆಯುತ್ತೀರೇನು ಎಂದೆ. ಕಲಿತು ಗೆಲ್ಲುವುದು ಮೋಸವಲ್ಲ ಎಂದೆ. ಬೆಟಗೇರಿಯವನು ಮೆಲ್ಲಗೆ ಕೇಳಿದ: "ಖರೆ ಹೇಳ, ಗೆಲ್ಲಾವ ನೀನೋ, ಅಜ್ಜನೋ?"

ಆಗ ಲಕ್ಷ್ಮೇಶ್ವರದವನು ಕುಸ್ತಿಯ ರೂಢಿಯ ಮಾತು ತೆಗೆದ. ನಮ್ಮ ಕಡೆ ಕಣದಲ್ಲಿ ಹಿರಿಯರು ಮೈಕಟ್ಟು ನೋಡಿ ಜೋಡಿ ಹಚ್ಚುತ್ತಾರೆ. ಪೈಲವಾನನಿಗೆ ಸರಿಜೋಡಿ ಸಿಗದಿದ್ದರೆ ಅವನನ್ನು ಎಳೆಯರ ಮೇಲೆ ಬಿಡುವುದಿಲ್ಲ. ಟಾವೆಲ್ಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಕಣದಲ್ಲಿ ಒಂದು ಸುತ್ತು ಹಾಕಿಸಿ ಕಳಿಸುತ್ತಾರೆ.

"ಅಜ್ಜಗೂ ಹಂಗ ಮಾಡೂಣು," ಎಂದ. "ಸೋಲಿಸಾಕಂತೂ ಆಗೂದಿಲ್ಲ, ಮಾನ ಮಾಡಿ ಕಳಸೂಣು."

ಸರ್ ಬೀಗ ಹಿಡಿದುಕೊಂಡು ಕಾಯುತ್ತಿದ್ದರು. "ಬ್ಯಾನ್ ಬೇಕನ್ನವರು ಕೈ ಎತ್ರಿ, ಜಲ್ದಿ ಮುಗಸ್ರಿ. ಸಮಾ ಆದ್ರ ಈಗಿದ್ದಂಗ ಇರ್ಲಿ," ಎಂದರು. ಲಕ್ಷ್ಮೇಶ್ವರ, ಬೆಟಗೇರಿ ಕೈ ಎತ್ತಿದರು. ಮುಂಡರಗಿಯವನು ಎತ್ತಲಿಲ್ಲ. ನಾನು ಎತ್ತುವ ಮಾತೇ ಇರಲಿಲ್ಲ. ಅತ್ತ ಇಬ್ಬರು, ಇತ್ತ ಇಬ್ಬರು. ಅಜ್ಜ ಉಳಿದ.

"ನಿನಗೇನಾಗೇತಿಲೇ?" ಲಕ್ಷ್ಮೇಶ್ವರದವನು ಮುಂಡರಗಿಯವನ ಮೇಲೆ ಹರಿಹಾಯ್ದ. "ಎಲ್ಲಾರಕಿಂತ ಹೆಚ್ಚು ಬಿದ್ದಾವ ನೀನ."

"ಬಿದ್ರ ಬಿದ್ದೆ ಬಿಡೋ," ಎಂದ ಅವನು. "ಅಜ್ಜನ್ನ ಬಿಟ್ರ ಇಂವಗ ಇಲ್ಲಿ ಯಾರದಾರ?"

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಮೂವರಲ್ಲಿ ಅವನೇ ಒಳ್ಳೆಯವನು. ಆದರೆ ಯಾರ ಕನಿಕರದ ಮೇಲೂ ನಾನು ಇಲ್ಲಿಯವರೆಗೆ ಬಂದವನಲ್ಲ. ಕೈ ಎತ್ತಿದೆ.

"ಅಜ್ಜ ಬ್ಯಾಡ. ಮೂರು ಕೈ ಆತು, ತಗೀರಿ," ಎಂದೆ.

ಅವರು ಆಡಿದ ಮಾತಿಗೆ ತಪ್ಪಲಿಲ್ಲ. ಕೆಳಗಿಳಿದು ತೆಂಗಿನಕಾಯಿ ತಂದರು, ಅರಿವೆ ಅಂಗಡಿಯಿಂದ ಕೆಂಪು ಟಾವೆಲ್ಲು ತಂದರು. ಪರದೆಯೊಳಗಿನ ಅಜ್ಜನಿಗೆ ಹೊದಿಸಲು ಬರುವಂತಿರಲಿಲ್ಲ, ನನಗೆ ಹೊದಿಸಿದರು. ನನ್ನ ಬಲಗೈ ಎತ್ತಿ ಹಿಡಿದು ಕಂಪ್ಯೂಟರುಗಳ ಸುತ್ತ ಒಂದು ಸುತ್ತು ನಡೆಸಿದರು. ಅರ್ಧ ತಮಾಷೆ, ಅರ್ಧ ಖರೆ. ನಾನು ನಗುತ್ತಲೇ ನಡೆದೆ.

ಮನೆಗೆ ಬಂದಾಗ ಅವ್ವ ಕಾಯಿ ನೋಡಿ ಕಣ್ಣರಳಿಸಿದಳು.

"ಏನ ಗೆದ್ದೀಯೋ?"

"ಆಟ."

"ಯಾರ ಮ್ಯಾಲೆ?"

"ಎಲ್ಲಾರ ಮ್ಯಾಲೆ."

ಅವ್ವ ಅದನ್ನು ಪಕ್ಕದ ಮನೆಯವರಿಗೆ ಹೇಳಲು ಹೋದಳು. ಅಪ್ಪ ಹೆಬ್ಬೆಟ್ಟು ಒತ್ತುವ ಮನುಷ್ಯ, ಹರೆಯದಲ್ಲಿ ಕುಸ್ತಿ ಆಡಿದವನು. ಕಾಯಿಯನ್ನೂ ಟಾವೆಲ್ಲನ್ನೂ ನೋಡಿದ, ನನ್ನ ಮುಖ ನೋಡಿದ.

"ಜೋಡಿ ಸಿಗಲಿಲ್ಲೇನು?"

"ಇಲ್ಲ," ಎಂದೆ.

ಟಾವೆಲ್ಲನ್ನು ಮಡಿಸಿ ನನ್ನ ಕೈಗೆ ಕೊಟ್ಟು, "ಉಣ್ಣಾಕ ಬಾ," ಎಂದ. ಅಷ್ಟೇ.

ಮುಂದಿನ ಶನಿವಾರ ಬೇರೊಂದು ಪಾತ್ರ ಹಿಡಿದು ಕುಳಿತೆ. ಬೆರಳುಗಳು ಅಜ್ಜನ ಕೀಗಳ ಮೇಲೇ ಹೋಗುತ್ತಿದ್ದವು. ಕುಳಿತಷ್ಟೇ ಬೇಗ ಸೋತು ಎದ್ದು ಹಿಂದೆ ನಿಂತೆ. ಯಾರೂ ಬೈಯಲಿಲ್ಲ, ಗುದ್ದಲಿಲ್ಲ. ಮುಂಡರಗಿಯವನು, "ನಾ ಕಲಸ್ತೀನಿ ಬಾ," ಎಂದು ಕರೆದ. ಆಮೇಲೆ ನೋಡೋಣ ಎಂದೆ.

ಒಂದು ಮಾತು ಒಪ್ಪಬೇಕು: ಅಜ್ಜ ಹೋದ ಮೇಲೆ ಆಟ ಚೆಂದವಾಯಿತು. ಒಬ್ಬ ಬೀಳುವುದು, ಎದ್ದು ತಿರುಗಿ ಹೊಡೆಯುವುದು, ಕೊನೆಯ ಏಟಿನವರೆಗೂ ಯಾರು ಗೆಲ್ಲುತ್ತಾರೆಂದು ತಿಳಿಯದೆ ಮೂವರೂ ಕುಣಿಯುವುದು. ಹಿಂದೆ ನಿಂತವನಿಗೆ ಇದೆಲ್ಲ ಚೆನ್ನಾಗಿ ಕಾಣುತ್ತಿತ್ತು. ಆ ಗದ್ದಲದಲ್ಲಿ ಯಾರೂ ಹಿಂದಿರುಗಿ ನೋಡುತ್ತಿರಲಿಲ್ಲ, ನೋಡಬೇಕಾದ ಕಾರಣವೂ ಇರಲಿಲ್ಲ.

ಕೆಲವು ಶನಿವಾರ ಹಾಗೆ ನಿಂತೆ. ಆಮೇಲೆ ಪಾಠ ಮುಗಿದೊಡನೆ ಹೊರಟರೆ ಮುಂಚಿನ ಬಸ್ಸು ಸಿಗುತ್ತದೆ ಎಂದು ಗೊತ್ತಾಯಿತು. ಆ ಬಸ್ಸಿನಲ್ಲಿ ಗದ್ದಲವಿರುತ್ತಿರಲಿಲ್ಲ. ಇಬ್ಬರು ಕೂರುವ ಸೀಟಿನಲ್ಲಿ ನಾನೊಬ್ಬನೇ ಕುಳಿತು ಊರಿಗೆ ಬರುತ್ತಿದ್ದೆ.